ಉಸಿರಿನ ಜಮಾ-ಖರ್ಚು

ಬ್ಯಾಂಕಿನಲ್ಲಿ ಸಂಜೆಯ ಶಿಲ್ಕು ತಾಳೆಯಾಗದಿದ್ದರೆ ಸಿಬ್ಬಂದಿಗೆ ಮನೆ ಸೇರುವುದು ತಡವಾಗುತ್ತದೆ, ಅಷ್ಟೆ. ಅಂತರಿಕ್ಷನೌಕೆಯಲ್ಲಿ ಶಿಲ್ಕು ತಾಳೆಯಾಗದಿದ್ದರೆ ಯಾತ್ರಿಕರು ಮನೆ ಸೇರುವುದೇ ಇಲ್ಲ. ಅಲ್ಲಿಯ ಲೆಕ್ಕ ಹಣದ್ದಲ್ಲ, ಉಸಿರಿನದು. ಈ ಲೆಕ್ಕವನ್ನು ಶಾಲಾ ಮಕ್ಕಳಿಂದಲೇ ಮಾಡಿಸುವ ಶಿಕ್ಷಣಕ್ರಮವೊಂದು ಅಮೆರಿಕದಲ್ಲಿ ನಾಲ್ಕು ದಶಕಗಳಿಂದ ನಡೆದುಬಂದಿದೆ. ಅದೇ ಅಣಕು ಅಂತರಿಕ್ಷಯಾನ.

ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ 1982ರಲ್ಲಿ 'ಸ್ಪೇಸ್ ಕ್ಯಾಂಪ್' ಆರಂಭವಾಯಿತು. 1986ರ ಜನವರಿ 28ರಂದು ಚಾಲೆಂಜರ್ ನೌಕೆಯ ದುರಂತದಲ್ಲಿ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್ ಸೇರಿ ಏಳು ಮಂದಿ ಮಡಿದರು. ಅವರ ಕುಟುಂಬದವರು ಮಕ್ಕಳಿಗಾಗಿ ಕಲಿಕಾ ಕೇಂದ್ರಗಳನ್ನು ಸ್ಥಾಪಿಸಲು ಮುಂದಾದರು. ಮೊದಲನೆಯದು 1988ರಲ್ಲಿ ಹ್ಯೂಸ್ಟನ್‌ನಲ್ಲಿ ತೆರೆಯಿತು. ಬಾಲ್ಯದಲ್ಲಿ ಹಂಟ್ಸ್‌ವಿಲ್ ಶಿಬಿರಕ್ಕೆ ಹೋಗಿ, ಮುಂದೆ ಪ್ರೌಢಶಾಲಾ ಶಿಕ್ಷಕಿಯಾದ ಡೊರೊಥಿ ಮೆಟ್‌ಕಾಫ್-ಲಿಂಡೆನ್‌ಬರ್ಗರ್ 2010ರಲ್ಲಿ ನಿಜವಾಗಿಯೂ ಅಂತರಿಕ್ಷಕ್ಕೆ ಏರಿದರು.

ಈ ಪಾಠದ ಏರ್ಪಾಡು ಸರಳವಾದುದು. ಎರಡು ಕೋಣೆಗಳು: ಒಂದು ನೌಕೆ, ಇನ್ನೊಂದು ಭೂಮಿಯ ನಿಯಂತ್ರಣ ಕೇಂದ್ರ. ಪಥದರ್ಶನ, ಸಂಪರ್ಕ, ವೈದ್ಯಕೀಯ, ಜೀವರಕ್ಷಣೆ ಎಂದು ಒಬ್ಬೊಬ್ಬರಿಗೆ ಒಂದೊಂದು ಹೊಣೆ. ನಡುವೆ ಬೋಧಕರು ಒಂದು ಕೆಡುಕನ್ನು ಒಡ್ಡುತ್ತಾರೆ. ಆಗ ಕೂಗಾಡಿ ಫಲವಿಲ್ಲ. ಪಟ್ಟಿ ನೋಡಿ, ಅಳೆದು, ವರದಿ ಮಾಡಬೇಕು. ಚಾಲೆಂಜರ್ ಕೇಂದ್ರಗಳಲ್ಲಿ ಅರ್ಧ ಯಾನದ ಬಳಿಕ ಎರಡು ತಂಡಗಳೂ ಸ್ಥಾನ ಬದಲಿಸಿಕೊಳ್ಳುತ್ತವೆ. ಆಜ್ಞೆ ಕೊಟ್ಟವನಿಗೆ ಆಜ್ಞೆ ಪಾಲಿಸುವ ಕಷ್ಟವೂ ತಿಳಿಯಲೆಂಬುದು ಇದರ ಪ್ರಯೋಜನ.

ಇನ್ನು ಲೆಕ್ಕಕ್ಕೆ ಬರೋಣ. ಒಬ್ಬ ಯಾತ್ರಿಕನಿಗೆ ದಿನಕ್ಕೆ ಸುಮಾರು 0.84 ಕಿಲೋಗ್ರಾಂ ಆಮ್ಲಜನಕ ಬೇಕು. ಅವನು ಹೊರಬಿಡುವ ಇಂಗಾಲದ ಡೈ ಆಕ್ಸೈಡ್ ಸುಮಾರು 1 ಕಿಲೋಗ್ರಾಂ. ನಾಲ್ವರ ಮೂರು ದಿನದ ಯಾನಕ್ಕೆ ಜಮೆಯಲ್ಲಿ 10 ಕಿಲೋ ಆಮ್ಲಜನಕವಿರಬೇಕು, 12 ಕಿಲೋ ಕೆಟ್ಟ ಗಾಳಿಯನ್ನು ಹೊರಹಾಕುವ ಸಾಧನವೂ ಇರಬೇಕು. ಮೊದಲನೆಯದಿದ್ದು ಎರಡನೆಯದು ತಪ್ಪಿದರೂ ತಲೆನೋವು, ಏದುಸಿರು, ಮಂಕು ಕವಿದು ಪ್ರಾಣಕ್ಕೆ ಸಂಚಕಾರ. 1970ರ ಏಪ್ರಿಲ್‌ನಲ್ಲಿ ಅಪೋಲೋ 13ರ ಆಮ್ಲಜನಕದ ತೊಟ್ಟಿ ಸಿಡಿದಾಗ, ಇಬ್ಬರಿಗಾಗಿ ರಚಿಸಿದ ಚಂದ್ರನೌಕೆಯಲ್ಲಿ ಮೂವರು ಆಶ್ರಯ ಪಡೆದರು. ಅವರನ್ನು ಬಾಧಿಸಿದ್ದು ಈ ಎರಡನೆಯ ಬಾಬತ್ತೇ. ಮಾತೃನೌಕೆಯ ಚೌಕಾಕಾರದ ಶೋಧಕಗಳು ಚಂದ್ರನೌಕೆಯ ದುಂಡು ಜಾಗಕ್ಕೆ ಹೊಂದುತ್ತಿರಲಿಲ್ಲ. ಭೂಮಿಯ ತಂತ್ರಜ್ಞರು ಪ್ಲಾಸ್ಟಿಕ್ ಚೀಲ, ರಟ್ಟು, ಅಂಟುಪಟ್ಟಿ, ಕೊಳವೆಗಳಿಂದ ಜೋಡಣೆಯೊಂದನ್ನು ರೂಪಿಸಿ, ಅದನ್ನು ಮಾಡುವ ಬಗೆಯನ್ನು ಮಾತಿನಲ್ಲೇ ತಿಳಿಸಿದರು. ಏಪ್ರಿಲ್ 17ರಂದು ಮೂವರೂ ಸುರಕ್ಷಿತವಾಗಿ ಇಳಿದರು.

ಮಹಾನಗರದ ಪುಟ್ಟ ಮನೆಗಳಲ್ಲಿ ಬಾಳುವ ನಮಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ದೆಹಲಿಯ ಚಳಿಯಲ್ಲಿ ಕಿಟಕಿ ಮುಚ್ಚಿ ಇದ್ದಿಲಿನ ಅಂಗೀಠಿ ಉರಿಸುವವರೂ, ಮುಂಬೈ-ಪುಣೆಗಳಲ್ಲಿ ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚುವವರೂ ಮುಚ್ಚಿದ ನೌಕೆಯಲ್ಲೇ ಕುಳಿತಂತೆ. ಗಾಳಿ ಸಾಲದೆ ಉರಿ ಅರೆಬರೆಯಾದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲಬಲ್ಲದು. ಗಾಳಿಯ ಲೆಕ್ಕ ಬರೆದು ಅಭ್ಯಾಸವಾದ ಹುಡುಗಿ ಮನೆಯವರೆಲ್ಲರ ತಲೆ ಭಾರವಾದಾಗ ಮಾತ್ರೆ ಹುಡುಕುವುದಿಲ್ಲ. ಎಲ್ಲರನ್ನೂ ಹೊರಗೆ ಕರೆತಂದು ವೈದ್ಯರನ್ನು ಕಾಣಿಸುತ್ತಾಳೆ.

ಈ ಅಭ್ಯಾಸಕ್ಕೆ ಹಂಟ್ಸ್‌ವಿಲ್‌ಗೆ ಹೋಗಬೇಕಿಲ್ಲ. ನಮ್ಮ ಸಂಘದ ಸಭಾಂಗಣ, ಪಕ್ಕದ ಕೋಣೆ, ಎರಡು ದೂರವಾಣಿ, ಒಂದು ದಾಖಲೆ ಪುಸ್ತಕ, ಹನ್ನೆರಡು ಮಕ್ಕಳು ಇದ್ದರೆ ಸಾಕು. ಸದಸ್ಯರಲ್ಲಿರುವ ವೈದ್ಯರೊಬ್ಬರು ಕೆಡುಕುಗಳ ಪಟ್ಟಿ ತಯಾರಿಸಲಿ. ಒಂದು ನಿಯಮ ಮಾತ್ರ ಇರಲಿ: ಯಾನ ವಿಫಲವಾದರೆ 'ಯಾರು ತಪ್ಪಿದರು' ಎಂದು ಕೇಳದೆ 'ಎಲ್ಲಿ ತಪ್ಪಿತು' ಎಂದು ಕೇಳಬೇಕು. ಅಂಕಪಟ್ಟಿಯ ಭಯದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ, ಸೋತ ಮೇಲೂ ಲೆಕ್ಕ ಸರಿಪಡಿಸಿ ಮತ್ತೆ ಹೊರಡಬಹುದೆಂಬ ಈ ಧೈರ್ಯವೂ ಆರೋಗ್ಯದ ಒಂದು ಅಂಗವೇ.