ಉಸಿರಿಗೊಂದು ಗಾಳಿಯ ದಬ್ಬೆ

ಬಾಣಸವಾಡಿಯ ನಮ್ಮ ಬೀದಿಯಲ್ಲಿ ಐವತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಅವರ ಗೊರಕೆಯು ನೆರೆಹೊರೆಗೆಲ್ಲ ಪರಿಚಿತವಾದುದು. ರೈಲು ನಿಲ್ದಾಣದ ಕಡೆಯಿಂದ ಸರಕು ಗಾಡಿಯ ಸದ್ದು ಎಷ್ಟು ಕೇಳಿಬಂದರೂ ಅವರಿಗೆ ಎಚ್ಚರವಾಗದು. ಗೊರಕೆಯು ಜೋರಾಗಿದ್ದಷ್ಟೂ ನಿದ್ರೆಯು ಗಾಢವಾದುದೆಂದು ಅವರೂ ನಂಬಿದ್ದರು, ನಾವೂ ನಂಬಿದ್ದೆವು. ಆದರೆ ಹಗಲಿನಲ್ಲಿ ಅವರು ಪತ್ರಿಕೆ ಹಿಡಿದು ಕುಳಿತಲ್ಲಿಯೇ ತೂಕಡಿಸುವರು. ಒಂದು ದಿನ ಹೊರವರ್ತುಲ ರಸ್ತೆಯಲ್ಲಿ ಕಾರು ನಡೆಸುತ್ತಿರುವಾಗಲೇ ಅರೆಗಳಿಗೆ ಅವರ ಕಣ್ಣು ಮುಚ್ಚಿತು. ಅಪಾಯವಾಗಲಿಲ್ಲವೆಂಬುದು ಅವರ ಪುಣ್ಯ. ವೈದ್ಯರು ನಿದ್ರೆಯ ಪರೀಕ್ಷೆ ಮಾಡಿಸಿದರು. ಆಮೇಲೆ ಒಂದು ಸಂಜೆ ಅವರು ವರದಿಯನ್ನು ಕೈಯಲ್ಲಿ ಹಿಡಿದು ನನ್ನಲ್ಲಿಗೆ ಬಂದರು.

"ಮೇಷ್ಟ್ರೇ, ರೋಗದ ವಿಷಯ ವೈದ್ಯರು ಹೇಳಿದ್ದಾರೆ. ನಿಮ್ಮನ್ನು ಕೇಳಬೇಕಾದದ್ದು ಬೇರೆ. ರಾತ್ರಿಯೆಲ್ಲ ಮುಖವಾಡ ಹಾಕಿಕೊಂಡು ಯಂತ್ರದ ಗಾಳಿ ಕುಡಿಯಬೇಕಂತೆ. ಅದರ ಒತ್ತಡ ಹತ್ತು ಸೆಂಟಿಮೀಟರ್ ಎಂದು ಬರೆದಿದ್ದಾರೆ. ಗಾಳಿಯನ್ನೂ ಬಟ್ಟೆಯ ಹಾಗೆ ಅಳೆಯುತ್ತಾರೆಯೆ? ಅಷ್ಟು ಹೊತ್ತು ನೂಕಿದರೆ ಶ್ವಾಸಕೋಶ ಒಡೆದುಹೋಗದೆ?"

ಈ ಎರಡು ಪ್ರಶ್ನೆಗಳೂ ಭೌತವಿಜ್ಞಾನಕ್ಕೆ ಸೇರಿದವು. ಪ್ರೌಢಶಾಲೆಯ ವಿದ್ಯಾರ್ಥಿಯು ಕಲಿತಿರುವಷ್ಟರಿಂದಲೇ ಇವಕ್ಕೆ ಉತ್ತರ ಕೊಡಬಹುದು. ಉತ್ತರವು ತಿಳಿಯದ ಕಾರಣದಿಂದಲೇ ಎಷ್ಟೋ ಮಂದಿ ಹಣ ಕೊಟ್ಟು ತಂದ ಯಂತ್ರವನ್ನು ನಾಲ್ಕು ದಿನಗಳಲ್ಲಿ ಕಪಾಟಿನೊಳಗೆ ಇಟ್ಟುಬಿಡುತ್ತಾರೆ. ಆದುದರಿಂದ ಈ ವಿಷಯವನ್ನು ಕ್ರಮವಾಗಿ ವಿಚಾರ ಮಾಡೋಣ.

ಉಸಿರು ಕಟ್ಟುವುದು ಹೇಗೆ?

ಮೂಗಿನಿಂದ ಶ್ವಾಸಕೋಶದವರೆಗಿನ ಗಾಳಿಯ ದಾರಿಯಲ್ಲಿ ಹೆಚ್ಚಿನ ಭಾಗಕ್ಕೆ ಎಲುಬಿನ ಅಥವಾ ಮೃದ್ವಸ್ಥಿಯ ಆಧಾರವಿದೆ. ನಾಲಗೆಯ ಹಿಂದಿನ ಗಂಟಲಿಗೆ ಮಾತ್ರ ಅಂತಹ ಗಟ್ಟಿ ಗೋಡೆಯಿಲ್ಲ. ಅಲ್ಲಿರುವುದು ಮಾಂಸದ ಮೆತ್ತನೆಯ ಕೊಳವೆ. ಎಚ್ಚರದಲ್ಲಿರುವಾಗ ಸ್ನಾಯುಗಳು ಈ ಕೊಳವೆಯನ್ನು ಬಿಗಿಹಿಡಿದು ತೆರೆದಿಡುತ್ತವೆ. ನಿದ್ರೆಯಲ್ಲಿ ಅವು ಸಡಿಲವಾಗುತ್ತವೆ.

ಒಂದು ಸುಲಭವಾದ ಪ್ರಯೋಗ ಮಾಡಿ ನೋಡಿ. ಐಸ್‌ಕ್ಯಾಂಡಿ ತುಂಬುವ ತೆಳುವಾದ ಪ್ಲಾಸ್ಟಿಕ್ ಕೊಳವೆಯೊಂದನ್ನು ತೊಳೆದು, ಎರಡು ತುದಿಗಳನ್ನೂ ಕತ್ತರಿಸಿ. ಒಂದು ತುದಿಯನ್ನು ಬಾಯಲ್ಲಿಟ್ಟು ಗಾಳಿಯನ್ನು ಎಳೆಯಿರಿ. ಕೊಳವೆಯು ಕೂಡಲೇ ಚಪ್ಪಟೆಯಾಗಿ ಅಂಟಿಕೊಳ್ಳುವುದು. ಜೋರಾಗಿ ಎಳೆದಷ್ಟೂ ಗಟ್ಟಿಯಾಗಿ ಮುಚ್ಚುವುದು. ಎಳೆದಾಗ ಒಳಗಿನ ಒತ್ತಡವು ಕಡಮೆಯಾಗುತ್ತದೆ. ಹೊರಗಿನ ವಾಯುಮಂಡಲವು ಗೋಡೆಯನ್ನು ಒಳಕ್ಕೆ ಒತ್ತುತ್ತದೆ. ಇದರ ಜೊತೆಗೆ, ಇಕ್ಕಟ್ಟಾದ ಕಡೆ ಗಾಳಿಯ ವೇಗವು ಹೆಚ್ಚುವುದರಿಂದ, ಬರ್ನೂಲಿಯ ನಿಯಮದಂತೆ ಅಲ್ಲಿಯ ಒತ್ತಡವು ಇನ್ನೂ ಇಳಿಯುತ್ತದೆ. ಮಲಗಿದವನ ಗಂಟಲಿನಲ್ಲಿ ನಡೆಯುವುದೂ ಇದೇ. ದಾರಿಯು ಅರ್ಧ ಮುಚ್ಚಿದಾಗ ಸಡಿಲವಾದ ಗೋಡೆಗಳು ಗಾಳಿಗೆ ಸಿಕ್ಕ ಬಾವುಟದಂತೆ ಬಡಿದಾಡುತ್ತವೆ. ಆ ಸದ್ದೇ ಗೊರಕೆ. ಪೂರ್ತಿ ಮುಚ್ಚಿದಾಗ ಸದ್ದೇ ಇರುವುದಿಲ್ಲ. ಎದೆಯು ಏಳುತ್ತದೆ, ಬೀಳುತ್ತದೆ. ಗಾಳಿ ಮಾತ್ರ ಒಳಗೆ ಹೋಗದು. ಆದುದರಿಂದ ಮನೆಯವರು ಭಯಪಡಬೇಕಾದದ್ದು ಗೊರಕೆಗಿಂತ ಹೆಚ್ಚಾಗಿ ಗೊರಕೆಯ ನಡುವಿನ ಮೌನಕ್ಕೆ.

ಹೀಗೆ ಉಸಿರು ಹತ್ತು ಸೆಕೆಂಡುಗಳಾದರೂ ನಿಂತರೆ ಅದನ್ನು ಅಪ್ನಿಯಾ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಉಸಿರಿಲ್ಲದಿರುವಿಕೆ ಎಂದು ಅರ್ಥ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ. ಮೆದುಳು ಗಾಬರಿಗೊಂಡು ನಿದ್ರೆಯನ್ನು ಕ್ಷಣಮಾತ್ರ ಮುರಿಯುತ್ತದೆ. ಸ್ನಾಯುಗಳು ಬಿಗಿಯುತ್ತವೆ, ಗಂಟಲು ತೆರೆಯುತ್ತದೆ, ದೊಡ್ಡ ಉಸಿರೊಂದು ನುಗ್ಗುತ್ತದೆ. ಮತ್ತೆ ನಿದ್ರೆ, ಮತ್ತೆ ಮುಚ್ಚುವಿಕೆ. ಬೆಳಗಾದ ಮೇಲೆ ಇದಾವುದೂ ಮಲಗಿದವನ ನೆನಪಿನಲ್ಲಿರುವುದಿಲ್ಲ.

ನಮ್ಮ ನೆರೆಯವರ ವರದಿಯಲ್ಲಿ, ಉಸಿರು ಪೂರ್ತಿ ನಿಂತದ್ದೂ ಅರೆಬರೆ ತಡೆದದ್ದೂ ಸೇರಿ, ಗಂಟೆಗೆ 36 ಸಲ ಎಂದಿತ್ತು. ಗಂಟೆಗೆ 5 ರಿಂದ 15 ಇದ್ದರೆ ಸೌಮ್ಯ, 15 ರಿಂದ 30 ಇದ್ದರೆ ಮಧ್ಯಮ, 30 ಮೀರಿದರೆ ತೀವ್ರ ಎಂದು ವೈದ್ಯರ ಲೆಕ್ಕ. ಆರು ಗಂಟೆಗಳ ನಿದ್ರೆಯಲ್ಲಿ ಇದು 216 ಸಲವಾಯಿತು. ಎಂದರೆ ಸರಾಸರಿ 100 ಸೆಕೆಂಡುಗಳಿಗೊಮ್ಮೆ ಯಾರೋ ಭುಜ ಹಿಡಿದು ಅಲುಗಿಸಿದಂತೆ. ಹೀಗೆ ಮಲಗಿದ ಮನುಷ್ಯನು ಹಗಲು ತೂಕಡಿಸಿದರೆ ಆಶ್ಚರ್ಯವೇನು? ಕುಂಭಕರ್ಣನ ನಿದ್ರೆಯೆಂದು ನಾವು ಹಾಸ್ಯ ಮಾಡುತ್ತಿದ್ದುದು ನಿಜವಾಗಿ ನಿದ್ರೆಯ ಬರಗಾಲವಾಗಿತ್ತು. ಚಿಕಿತ್ಸೆಯಿಲ್ಲದೆ ವರ್ಷಗಟ್ಟಲೆ ಹೀಗೆ ನಡೆದರೆ ರಕ್ತದೊತ್ತಡವು ಏರುತ್ತದೆ. ಹೃದಯದ ಬೇನೆ, ಪಾರ್ಶ್ವವಾಯು ಇವುಗಳ ಸಂಭವವೂ ಹೆಚ್ಚು. ದಪ್ಪಗಿರುವವರಲ್ಲಿ ಈ ರೋಗವು ಹೆಚ್ಚೆಂಬುದು ನಿಜ. ಆದರೆ ದವಡೆ ಚಿಕ್ಕದಾದ ತೆಳ್ಳನೆಯವರಿಗೂ, ಗಂಟಲಿನ ಟಾನ್ಸಿಲ್ ಬೆಳೆದ ಮಕ್ಕಳಿಗೂ ಇದು ಬರಬಹುದು.

ಹತ್ತು ಸೆಂಟಿಮೀಟರ್ ಎಂದರೆಷ್ಟು?

ಈಗ ಅವರ ಮೊದಲ ಪ್ರಶ್ನೆಗೆ ಬರೋಣ. ಹತ್ತು ಸೆಂಟಿಮೀಟರ್ ಎಂಬುದು ಗಾಳಿಯ ಉದ್ದವಲ್ಲ, ನೀರಿನ ಎತ್ತರ. ಹತ್ತು ಸೆಂಟಿಮೀಟರ್ ಎತ್ತರದ ನೀರಿನ ಕಂಬವು ತನ್ನ ತಳದ ಮೇಲೆ ಎಷ್ಟು ಒತ್ತಡ ಹಾಕುವುದೋ, ಯಂತ್ರದ ಗಾಳಿಯು ಹೊರಗಿನ ವಾಯುವಿನ ಒತ್ತಡಕ್ಕಿಂತ ಅಷ್ಟು ಹೆಚ್ಚಾಗಿರುತ್ತದೆ. ಎತ್ತರ, ಸಾಂದ್ರತೆ, ಗುರುತ್ವ ಈ ಮೂರನ್ನೂ ಗುಣಿಸಿದರೆ, 0.10 × 1000 × 9.8, ಎಂದರೆ 980 ಪಾಸ್ಕಲ್. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುಮಂಡಲದ ಒತ್ತಡವು ಸುಮಾರು 91,000 ಪಾಸ್ಕಲ್. ಯಂತ್ರವು ಕೂಡಿಸುವುದು ಅದರ ನೂರರಲ್ಲಿ ಒಂದು ಪಾಲನ್ನು ಮಾತ್ರ.

ಲೆಕ್ಕವನ್ನು ಕೇಳಿ ನಂಬುವುದಕ್ಕಿಂತ ಮಾಡಿ ನೋಡುವುದು ಲೇಸು. ಎತ್ತರದ ಗಾಜಿನ ಲೋಟದಲ್ಲಿ ನೀರು ತುಂಬಿ, ಹೀರುಗೊಳವೆಯ ತುದಿಯು ನೀರಿನ ಮಟ್ಟಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಿರುವಂತೆ ಹಿಡಿದು, ಮೆಲ್ಲನೆ ಊದಿ. ಮೊದಲ ಗುಳ್ಳೆಯು ಹೊರಬಂದಾಗ ನಿಮ್ಮ ಬಾಯಲ್ಲಿರುವ ಒತ್ತಡವೇ ಆ ಯಂತ್ರದ ಒತ್ತಡ. ನಮ್ಮ ನೆರೆಯವರು ಅಡುಗೆಮನೆಯ ಲೋಟದಲ್ಲಿ ಇದನ್ನು ಮಾಡಿ ನೋಡಿ, "ಇಷ್ಟೇಯೆ?" ಎಂದರು. ಹೌದು, ಇಷ್ಟೇ.

ಇನ್ನೊಂದು ಹೋಲಿಕೆಯುಂಟು. ರಕ್ತದೊತ್ತಡವು 120 ಎಂದರೆ ಅದು 120 ಮಿಲಿಮೀಟರ್ ಪಾದರಸ. ಪಾದರಸವು ನೀರಿಗಿಂತ 13.6 ಪಟ್ಟು ಸಾಂದ್ರವಾದುದರಿಂದ, ಅದು ನೀರಿನ ಲೆಕ್ಕದಲ್ಲಿ ಸುಮಾರು 163 ಸೆಂಟಿಮೀಟರ್. ನಮ್ಮದೇ ಹೃದಯವು ಪ್ರತಿ ಬಡಿತದಲ್ಲಿಯೂ ಇಷ್ಟು ಒತ್ತಡವನ್ನು ಹುಟ್ಟಿಸುತ್ತಿರುವಾಗ ಹತ್ತು ಸೆಂಟಿಮೀಟರಿಗೆ ಬೆದರಬೇಕಾಗಿಲ್ಲ. ಈ ಯಂತ್ರಗಳ ಒತ್ತಡವು ಸಾಮಾನ್ಯವಾಗಿ 4 ರಿಂದ 20 ಸೆಂಟಿಮೀಟರಿನೊಳಗೆ ಇರುತ್ತದೆ. ಯಾರಿಗೆ ಎಷ್ಟು ಬೇಕೆಂಬುದನ್ನು ವೈದ್ಯರು ಪರೀಕ್ಷೆಯಿಂದ ಗೊತ್ತುಮಾಡುತ್ತಾರೆ. ಅದನ್ನು ರೋಗಿಯು ತಾನಾಗಿ ಏರಿಸುವುದು ಇಳಿಸುವುದು ಸಲ್ಲದು.

ಇಲ್ಲಿ ಜಾಣ ವಿದ್ಯಾರ್ಥಿಯು ಒಂದು ಆಕ್ಷೇಪವನ್ನು ಎತ್ತಬಹುದು. ಮಂಗಳೂರಿನಲ್ಲಿ ವಾಯುಮಂಡಲದ ಒತ್ತಡವು ಬೆಂಗಳೂರಿಗಿಂತ ಸುಮಾರು 10,000 ಪಾಸ್ಕಲ್ ಹೆಚ್ಚು. ಇದು ಯಂತ್ರವು ಕೂಡಿಸುವುದರ ಹತ್ತು ಪಟ್ಟು. ಹಾಗಾದರೆ ಘಟ್ಟ ಇಳಿದು ಅಲ್ಲಿ ಮಲಗಿದರೆ ರೋಗವು ತಾನಾಗಿ ವಾಸಿಯಾಗಬೇಡವೆ? ಆಗುವುದಿಲ್ಲ. ಏಕೆಂದರೆ ಅಲ್ಲಿ ಒತ್ತಡವು ಗಂಟಲಿನ ಒಳಗೂ ಹೊರಗೂ ಸಮನಾಗಿ ಏರುತ್ತದೆ. ಕೊಳವೆಯನ್ನು ತೆರೆಯುವುದು ಒತ್ತಡವಲ್ಲ, ಒತ್ತಡಗಳ ವ್ಯತ್ಯಾಸ. ಯಂತ್ರವು ಒಳಗಿನ ಒತ್ತಡವನ್ನು ಮಾತ್ರ ಹೆಚ್ಚಿಸುತ್ತದೆ. ಅದರ ಗುಟ್ಟೆಲ್ಲ ಇಷ್ಟರಲ್ಲಿಯೇ ಇದೆ.

ಗಾಳಿಯ ದಬ್ಬೆ

ಈ ಯಂತ್ರವು ರೋಗಿಯ ಪರವಾಗಿ ಉಸಿರಾಡುತ್ತದೆ ಎಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ಉಸಿರಾಡುವವನು ರೋಗಿಯೇ. ಮುರಿದ ಕೈಗೆ ನಾಟಿವೈದ್ಯರು ಬಿದಿರಿನ ದಬ್ಬೆ ಕಟ್ಟುತ್ತಾರಷ್ಟೆ. ದಬ್ಬೆಯು ಎಲುಬನ್ನು ಕೂಡಿಸುವುದಿಲ್ಲ. ಅದು ಜಾರದಂತೆ ಹಿಡಿದಿರುತ್ತದೆ. ಹಾಗೆಯೇ ಈ ಗಾಳಿಯು ಗಂಟಲಿನ ಗೋಡೆಗಳು ಕುಸಿಯದಂತೆ ಒಳಗಿನಿಂದ ಹಿಡಿದಿರುವ ದಬ್ಬೆ. ಮೇಲೆ ಹೇಳಿದ ಪ್ಲಾಸ್ಟಿಕ್ ಕೊಳವೆಗೆ ಮೆಲ್ಲನೆ ಊದಿದರೆ ಅದು ದುಂಡಗಾಗುವುದನ್ನು ನೀವೇ ಕಾಣಬಹುದು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಇದನ್ನು ಸಿ-ಪ್ಯಾಪ್ ಎನ್ನುತ್ತಾರೆ. ವಾಯುಮಾರ್ಗದಲ್ಲಿ ಎಡೆಬಿಡದೆ ಇರುವ ಹೆಚ್ಚುವರಿ ಒತ್ತಡ ಎಂದು ಅದರ ತಾತ್ಪರ್ಯ.

ಈ ರೋಗದ ನಿಜಸ್ವರೂಪವು ಬಯಲಾದದ್ದು 1965ರಲ್ಲಿ. ಫ್ರಾನ್ಸ್ ಮತ್ತು ಜರ್ಮನಿಯ ವಿಜ್ಞಾನಿಗಳು ಪರಸ್ಪರ ಬೇರೆಯಾಗಿ, ನಿದ್ರಿಸುವವರ ಉಸಿರನ್ನೂ ಮೆದುಳಿನ ವಿದ್ಯುತ್ತನ್ನೂ ಒಟ್ಟಿಗೆ ದಾಖಲಿಸಿ ಇದನ್ನು ಕಂಡುಕೊಂಡರು. ಆಗ ತೀವ್ರ ರೋಗಿಗಳಿಗೆ ಇದ್ದ ಖಚಿತವಾದ ಚಿಕಿತ್ಸೆಯೆಂದರೆ ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುವುದು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲ್ಲಿವನ್ ಅವರು ಇನ್ನೊಂದು ದಾರಿಯನ್ನು ಹುಡುಕಿದರು. ಧೂಳು ಹೀರುವ ಯಂತ್ರದ ಮೋಟಾರನ್ನು ಹೀರುವುದಕ್ಕೆ ಬದಲಾಗಿ ಊದುವುದಕ್ಕೆ ಹೂಡಿ, ಆ ಗಾಳಿಯನ್ನು ಮೂಗಿಗೆ ಹಾಯಿಸಿದರು. ಐವರು ರೋಗಿಗಳಲ್ಲಿ ಇದು ಫಲಿಸಿದುದನ್ನು ಸಲ್ಲಿವನ್ ಮತ್ತು ಅವರ ಸಂಗಡಿಗರು 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಬಳಸಿದ ಒತ್ತಡವು 4.5 ರಿಂದ 10 ಸೆಂಟಿಮೀಟರ್ ನೀರು ಮಾತ್ರ. ಇಂದು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ನಿದ್ರೆಯ ಸಂಶೋಧನೆಗಾಗಿಯೇ ಪ್ರಯೋಗಶಾಲೆಯುಂಟು.

ಮೊದಲ ರಾತ್ರಿಗೆ ಮುಂಚೆ

ಗುಟ್ಟು ತಿಳಿದ ಮೇಲೆ ಸಿದ್ಧತೆಯು ಸುಲಭ. ಹೊಸ ರೋಗಿಯು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಕೆಲವು ಅಂಶಗಳನ್ನು ಅವುಗಳ ಕಾರಣಗಳೊಡನೆ ಹೇಳುತ್ತೇನೆ.

ಮೊದಲನೆಯದು ಅಭ್ಯಾಸ. ಮುಖವಾಡವನ್ನು ಮೊದಲ ಸಲ ಕತ್ತಲಲ್ಲಿ, ನಿದ್ರೆಯ ಹೊತ್ತಿನಲ್ಲಿ ಕಟ್ಟಿಕೊಳ್ಳಬಾರದು. ಹಗಲಿನಲ್ಲಿ ಎಚ್ಚರವಾಗಿ ಕುಳಿತು, ಓದುತ್ತಲೋ ಹಾಡು ಕೇಳುತ್ತಲೋ ಅರ್ಧ ಗಂಟೆ ಧರಿಸಬೇಕು. ಉಸಿರು ಬಿಡುವಾಗ ಎದುರುಗಾಳಿಯಂತೆ ತೋರುವುದು ಕೆಲವು ದಿನಗಳಲ್ಲಿ ಮರೆತುಹೋಗುತ್ತದೆ. ಕಡಮೆ ಒತ್ತಡದಿಂದ ಆರಂಭಿಸಿ ಮೆಲ್ಲಮೆಲ್ಲನೆ ಏರಿಸುವ ಏರ್ಪಾಡು ಬಹುಮಟ್ಟಿನ ಯಂತ್ರಗಳಲ್ಲಿದೆ.

ಎರಡನೆಯದು ಮುಖವಾಡದ ಅಳತೆ. ಅಂಚಿನಿಂದ ಗಾಳಿ ಸೋರಿದರೆ ಒತ್ತಡವು ಇಳಿಯುತ್ತದೆ, ಕಣ್ಣೂ ಒಣಗುತ್ತದೆ. ಪಟ್ಟಿಯನ್ನು ಬಲವಾಗಿ ಬಿಗಿಯುವುದರಿಂದ ಚರ್ಮವು ನೋಯುವುದೇ ಹೊರತು ಸೋರಿಕೆಯು ನಿಲ್ಲದು. ಸರಿಯಾದ ಅಳತೆಯದನ್ನು, ಮಲಗಿಕೊಂಡೇ ಪರೀಕ್ಷಿಸಿ ಆರಿಸಬೇಕು. ಆದರೆ ಮುಖವಾಡದಲ್ಲಿ ತಯಾರಕರೇ ಮಾಡಿರುವ ಸಣ್ಣ ರಂಧ್ರಗಳನ್ನು ಸೋರಿಕೆಯೆಂದು ಬಗೆದು ಎಂದೂ ಮುಚ್ಚಬಾರದು. ನಾವು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಹೋಗುವ ಕಿಟಕಿಗಳು ಅವೇ.

ಮೂರನೆಯದು ನೀರು. ಮೂಗು ಒಣಗದಿರಲೆಂದು ಗಾಳಿಗೆ ತೇವವನ್ನು ಕೊಡುವ ಪುಟ್ಟ ತೊಟ್ಟಿಯು ಯಂತ್ರದಲ್ಲಿರುತ್ತದೆ. ಅದಕ್ಕೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ಕೊಳವೆಬಾವಿಯ ಗಡಸು ನೀರು ಆರಿದ ಮೇಲೆ ಪಾತ್ರೆಯ ತಳದಲ್ಲಿ ಬಿಳಿಯ ಹೆಪ್ಪು ಉಳಿಯುವುದನ್ನು ನಾವೆಲ್ಲ ಕಂಡಿದ್ದೇವೆ. ತೊಟ್ಟಿಯಲ್ಲಿಯೂ ಹಾಗೆಯೇ ಆಗುವುದು. ದಿನವೂ ನೀರನ್ನು ಚೆಲ್ಲಿ, ಮುಖವಾಡವನ್ನು ಸೌಮ್ಯವಾದ ಸಾಬೂನಿನಿಂದ ತೊಳೆದು ಆರಿಸಬೇಕು. ಗಾಳಿಯ ಶೋಧಕವನ್ನು ಕಾಲಕಾಲಕ್ಕೆ ಬದಲಿಸಬೇಕು.

ನಾಲ್ಕನೆಯದು ಚಳಿ. ಡಿಸೆಂಬರ್, ಜನವರಿಗಳಲ್ಲಿ ನಮ್ಮ ಊರಿನ ರಾತ್ರಿ ತಂಪಾದಾಗ, ಬೆಚ್ಚನೆಯ ತೇವದ ಗಾಳಿಯು ಕೊಳವೆಯ ತಣ್ಣನೆಯ ಗೋಡೆಗೆ ತಾಗಿ ಇಬ್ಬನಿಯಂತೆ ಹನಿಗಟ್ಟುತ್ತದೆ. ಮೂಗಿಗೆ ನೀರು ಸಿಡಿದು ರೋಗಿಯು ಬೆಚ್ಚಿ ಏಳುವನು. ಯಂತ್ರವನ್ನು ಹಾಸಿಗೆಗಿಂತ ತಗ್ಗಿನಲ್ಲಿಟ್ಟು ಕೊಳವೆಯನ್ನು ಹೊದಿಕೆಯೊಳಗೆ ಹಾಯಿಸಿದರೆ ಈ ತೊಂದರೆಯು ತಗ್ಗುತ್ತದೆ.

ಐದನೆಯದು ವಿದ್ಯುತ್ತು. ದೀಪ ಹೋದರೆ ಉಸಿರೂ ಹೋಗುವುದೆಂಬ ಭಯವು ಬೇಡ. ಮೂಗು ಬಾಯಿ ಎರಡನ್ನೂ ಮುಚ್ಚುವ ಮುಖವಾಡದಲ್ಲಿ, ಯಂತ್ರದ ಗಾಳಿ ನಿಂತೊಡನೆ ಹೊರಗಾಳಿಗೆ ದಾರಿ ಬಿಡುವ ಕವಾಟವಿರುತ್ತದೆ. ಮೂಗಿನ ಮುಖವಾಡವಾದರೆ ಬಾಯಿಯೇ ತೆರೆದಿದೆ. ಆ ರಾತ್ರಿಯ ಚಿಕಿತ್ಸೆ ನಿಲ್ಲುವುದಷ್ಟೆ. ಬ್ಯಾಟರಿಯ ಏರ್ಪಾಡಿದ್ದರೆ ಅದೂ ನಿಲ್ಲದು.

ಇವುಗಳ ಜೊತೆಗೆ, ಮದ್ಯವನ್ನು ದೂರವಿಡಬೇಕು. ವೈದ್ಯರನ್ನು ಕೇಳದೆ ನಿದ್ರೆಯ ಮಾತ್ರೆಯನ್ನು ತೆಗೆದುಕೊಳ್ಳಬಾರದು. ಎರಡೂ ಗಂಟಲನ್ನು ಇನ್ನಷ್ಟು ಸಡಿಲಗೊಳಿಸಬಲ್ಲವು. ಬೇರೆ ಯಾವುದಾದರೂ ಶಸ್ತ್ರಕ್ರಿಯೆಯ ಪ್ರಸಂಗ ಬಂದರೆ ಅರಿವಳಿಕೆ ಕೊಡುವ ವೈದ್ಯರಿಗೆ ಈ ರೋಗದ ವಿಷಯವನ್ನು ಮೊದಲೇ ಹೇಳಬೇಕು. ಹಗಲಿನ ತೂಕಡಿಕೆ ಹೋಗುವವರೆಗೆ ವಾಹನವನ್ನು ನಡೆಸಲೇಬಾರದು. ತೂಕವು ಹೆಚ್ಚಾಗಿದ್ದರೆ ಇಳಿಸುವುದರಿಂದ ರೋಗವೇ ತಗ್ಗಬಹುದು. ಯಂತ್ರವಾದರೋ ಕನ್ನಡಕದಂತೆ: ಧರಿಸಿದಾಗ ಉಂಟು, ತೆಗೆದಾಗ ಇಲ್ಲ. ಒಂದು ವಾರ ಚೆನ್ನಾಗಿ ಮಲಗಿ, ವಾಸಿಯಾಯಿತೆಂದು ಅದನ್ನು ಎತ್ತಿಟ್ಟರೆ ಗಂಟಲು ಮತ್ತೆ ಮೊದಲಿನಂತೆಯೇ ಕುಸಿಯುವುದು.

ವಿದ್ಯಾರ್ಥಿಗಳಾದ ನಿಮಗೂ ಇಲ್ಲಿ ಒಂದು ಕೆಲಸವುಂಟು. ಈ ರೋಗವನ್ನು ರೋಗಿಯು ತಾನೇ ಕಾಣಲಾರನು. ಪಕ್ಕದಲ್ಲಿ ಎಚ್ಚರವಾಗಿರುವವರು ಕಾಣಬಲ್ಲರು. ಮನೆಯಲ್ಲಿ ಹಿರಿಯರ ಗೊರಕೆಯು ನಡುವೆ ಥಟ್ಟನೆ ನಿಂತರೆ, ಮತ್ತೆ ಉಸಿರು ಬರುವವರೆಗಿನ ಸೆಕೆಂಡುಗಳನ್ನು ಗಡಿಯಾರದಿಂದ ಎಣಿಸಿ ಬರೆದಿಡಿ. ಹತ್ತನ್ನು ಮೀರುವ ಮೌನಗಳು ಮೇಲಿಂದ ಮೇಲೆ ಬಂದರೆ ಆ ಕಾಗದದೊಡನೆ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ.

ನಮ್ಮ ನೆರೆಯವರು ಮೊದಲ ವಾರ ಮುಖವಾಡವನ್ನು ನಡುರಾತ್ರಿ ಕಿತ್ತಿಡುತ್ತಿದ್ದರಂತೆ. ಮೂರನೆಯ ವಾರದಿಂದ ಬೆಳಗಿನವರೆಗೆ ಮಲಗತೊಡಗಿದರು. ಕಾರಿನ ಬೀಗದ ಕೈ ಇನ್ನೂ ಅವರ ಮಗನ ಹತ್ತಿರವೇ ಇದೆ. ವೈದ್ಯರು ಒಪ್ಪಿದ ಮೇಲೆ ಹಿಂದಕ್ಕೆ ಸಿಕ್ಕುವುದು. ಮೊನ್ನೆ ಬೆಳಗ್ಗೆ ನನ್ನನ್ನು ಕಂಡು ಅವರು ದೂರಿದ್ದು ಒಂದೇ ವಿಷಯವನ್ನು: "ಮೇಷ್ಟ್ರೇ, ಈಗ ರಾತ್ರಿ ರೈಲಿನ ಸದ್ದು ಕೇಳಿಸುತ್ತದೆ ಎಂದು ಮನೆಯವಳು ಗೊಣಗುತ್ತಾಳೆ."