ಘಾನಾ ದೇಶದ ಮುಖ್ಯ ಪಟ್ಟಣಗಳು

ನಕ್ಷೆಯಲ್ಲಿ ಪಟ್ಟಣವೆಂದರೆ ಬರಿಯ ಚುಕ್ಕೆ. ಆ ಚುಕ್ಕೆ ಅಲ್ಲಿಯೇ ಏಕೆ ಬಿದ್ದಿತು, ಅಲ್ಲಿಗೆ ಜನ ಎಲ್ಲಿಂದ ಬಂದರು ಎಂದು ಕೇಳುತ್ತ ಹೋದರೆ ಮಾತ್ರ ಭೂಗೋಳದ ಪಾಠ ನೆನಪಿನಲ್ಲಿ ನಿಲ್ಲುತ್ತದೆ. ಈ ಸಲ ನಾವು ಪಶ್ಚಿಮ ಆಫ್ರಿಕದ ಘಾನಾ ದೇಶವನ್ನು ಹೀಗೆ ನೋಡೋಣ. ವಾಚಕರು ಆಫ್ರಿಕದ ನಕ್ಷೆಯನ್ನು ಎದುರಿಗಿಟ್ಟುಕೊಂಡು ಓದುವುದು ಒಳ್ಳೆಯದು.

ಈ ದೇಶಕ್ಕೆ ಹಿಂದೆ ಗೋಲ್ಡ್ ಕೋಸ್ಟ್, ಅಂದರೆ ಚಿನ್ನದ ಕರಾವಳಿ ಎಂಬ ಹೆಸರಿತ್ತು. 1957ರ ಮಾರ್ಚ್ 6ರಂದು ಅದು ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆ ಹೊಂದಿ ಘಾನಾ ಆಯಿತು. ಕ್ವಾಮೆ ಎನ್‌ಕ್ರುಮಾ ಅವರು ಸ್ವತಂತ್ರ ದೇಶದ ಮೊದಲ ಪ್ರಧಾನಿ. 2021ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಸುಮಾರು 3 ಕೋಟಿ 8 ಲಕ್ಷ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣವಾಸಿಗಳು.

ಅಕ್ರಾ: ರಾಜಧಾನಿ. ಮೂಲತಃ ಗಾ ಎಂಬ ಜನರ ಊರು. ಇಲ್ಲಿ ಡಚ್ಚರು, ಇಂಗ್ಲಿಷರು, ಡೇನರು ಹತ್ತಿರಹತ್ತಿರದಲ್ಲೇ ಒಂದೊಂದು ಕೋಟೆ ಕಟ್ಟಿದ್ದರು. 1877ರಲ್ಲಿ ಬ್ರಿಟಿಷರು ರಾಜಧಾನಿಯನ್ನು ಇಲ್ಲಿಗೆ ತಂದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಹೋರಾಡಿ ಮರಳಿದ ಸೈನಿಕರು 1948ರ ಫೆಬ್ರುವರಿ 28ರಂದು ತಮ್ಮ ಅಹವಾಲು ಹೇಳಿಕೊಳ್ಳಲು ಗವರ್ನರರ ನಿವಾಸದ ಕಡೆಗೆ ಮೆರವಣಿಗೆ ಹೊರಟರು. ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ಸ್ವಾತಂತ್ರ್ಯ ಚಳವಳಿಗೆ ಅಲ್ಲಿಂದ ಹೊಸ ವೇಗ ಬಂದಿತು.

ತೇಮಾ: ಅಕ್ರಾದಲ್ಲಿ ಒಳ್ಳೆಯ ಬಂದರು ಇರಲಿಲ್ಲ. ಹಡಗುಗಳು ದೂರ ಸಮುದ್ರದಲ್ಲಿ ನಿಲ್ಲುತ್ತಿದ್ದವು. ಹಿಂದೆ ಮದರಾಸಿನಲ್ಲಿದ್ದಂತೆ ದೋಣಿಗಾರರು ಅಲೆಗಳ ನಡುವೆ ಸರಕನ್ನು ದಡಕ್ಕೆ ತರಬೇಕಾಗಿತ್ತು. ಆದುದರಿಂದ ಅಕ್ರಾದ ಪೂರ್ವಕ್ಕೆ ತೇಮಾ ಎಂಬ ಬೆಸ್ತರ ಹಳ್ಳಿಯಿದ್ದ ಕಡೆ ಹೊಸ ಬಂದರು ಕಟ್ಟಿ 1962ರಲ್ಲಿ ತೆರೆದರು. ಅಲ್ಲಿದ್ದ ಬೆಸ್ತರನ್ನು ಬೇರೆ ಜಾಗಕ್ಕೆ ಕಳುಹಿಸಲಾಯಿತು. ಹೊಸ ಊರಿನ ಬಡಾವಣೆಗಳಿಗೆ ಅಂಕಿಗಳನ್ನೇ ಹೆಸರಾಗಿ ಇಟ್ಟರು. ಗ್ರೀನಿಚ್ ಮೂಲಕ ಹಾಯುವ ಸೊನ್ನೆ ರೇಖಾಂಶವು ಈ ಊರಿನಲ್ಲಿಯೂ ಹಾದುಹೋಗುತ್ತದೆ, ನಕ್ಷೆಯಲ್ಲಿ ಗುರುತಿಸಿರಿ. ಇಲ್ಲಿಯ ಅಲ್ಯುಮಿನಿಯಂ ಕಾರ್ಖಾನೆಗೆ ವಿದ್ಯುತ್ತು ಬರುವುದು ವೋಲ್ಟಾ ನದಿಗೆ ಕಟ್ಟಿದ ಅಕೊಸೊಂಬೊ ಅಣೆಕಟ್ಟಿನಿಂದ. 1965ರಲ್ಲಿ ಮುಗಿದ ಈ ಅಣೆಕಟ್ಟಿನ ಹಿನ್ನೀರಿಗಾಗಿ ಸುಮಾರು 80,000 ಜನ ಮನೆಮಠ ಬಿಡಬೇಕಾಯಿತು.

ಕೇಪ್ ಕೋಸ್ಟ್: ಅಕ್ರಾಕ್ಕೆ ಮೊದಲು ಬ್ರಿಟಿಷರ ಆಡಳಿತ ಇಲ್ಲಿತ್ತು. ಕಡಲ ದಡದ ಕೋಟೆಯ ನೆಲಮಾಳಿಗೆಗಳಲ್ಲಿ ಗುಲಾಮರನ್ನು ಕೂಡಿಹಾಕಿ, ಅಮೆರಿಕದ ಕಡೆಗೆ ಹಡಗೇರಿಸುತ್ತಿದ್ದರು. ಇಂದು ಈ ಊರು ಹೆಸರಾಗಿರುವುದು ಹಳೆಯ ವಿದ್ಯಾಶಾಲೆಗಳಿಗೆ.

ಸೆಕೊಂಡಿ-ತಕೊರಾಡಿ: ಪಶ್ಚಿಮ ತೀರದ ಜೋಡಿ ಪಟ್ಟಣ. ಒಳನಾಡಿನ ಚಿನ್ನದ ಗಣಿಗಳಿಗೆ ರೈಲು ಹೊರಟದ್ದು ಸೆಕೊಂಡಿಯಿಂದ. 1928ರಲ್ಲಿ ತಕೊರಾಡಿಯಲ್ಲಿ ಆಳವಾದ ಬಂದರು ತೆರೆದ ಮೇಲೆ ಸೆಕೊಂಡಿಯ ಹಡಗು ವ್ಯಾಪಾರ ಅತ್ತ ಹೋಯಿತು. ಕಡ್ಡಾಯ ಉಳಿತಾಯವೆಂದು ಸಂಬಳದಲ್ಲಿ ಹಣ ಮುರಿದುಕೊಳ್ಳುವುದನ್ನು ವಿರೋಧಿಸಿ 1961ರ ಸೆಪ್ಟೆಂಬರಿನಲ್ಲಿ ಇಲ್ಲಿಯ ರೈಲ್ವೆ ಮತ್ತು ಬಂದರಿನ ಕೆಲಸಗಾರರು ಎರಡು ವಾರಕ್ಕೂ ಹೆಚ್ಚು ಕಾಲ ಮುಷ್ಕರ ಹೂಡಿದ್ದರು.

ಕುಮಾಸಿ: ಅಶಾಂತಿ ರಾಜ್ಯದ ರಾಜಧಾನಿ, ಅಕ್ರಾದಿಂದ ರಸ್ತೆಯಲ್ಲಿ ಸುಮಾರು 250 ಕಿಲೋಮೀಟರು. 1874ರಲ್ಲಿ ಬ್ರಿಟಿಷರು ಈ ಊರನ್ನು ಸುಟ್ಟರು. ಅಶಾಂತಿ ಜನರು ತಮ್ಮ ನಾಡಿನ ಪ್ರಾಣವೆಂದು ಭಾವಿಸುವ ಚಿನ್ನದ ಪೀಠವನ್ನು 1900ರಲ್ಲಿ ಗವರ್ನರನು ತನಗೆ ಒಪ್ಪಿಸುವಂತೆ ಕೇಳಿದಾಗ, ಯಾ ಅಸಾಂತೆವಾ ಎಂಬ ವೀರಮಹಿಳೆಯ ನಾಯಕತ್ವದಲ್ಲಿ ಯುದ್ಧವೇ ನಡೆಯಿತು. ಅಶಾಂತಿಗಳು ಸೋತರು, ಆದರೆ ಪೀಠ ಬ್ರಿಟಿಷರ ಕೈಗೆ ಸಿಕ್ಕಲಿಲ್ಲ. 1903ರಲ್ಲಿ ಇಲ್ಲಿಗೆ ರೈಲು ಬಂದಿತು. ಸುತ್ತಣ ಕಾಡುಸೀಮೆಯ ಕೋಕೋ ವ್ಯಾಪಾರದಿಂದ ಊರು ಬೆಳೆಯಿತು. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ನಡುವೆ ಬೆಳೆಸುವ ಕೋಕೋ ಗಿಡವೇ ಇದು. ಇಲ್ಲಿಯ ಕೆಜೆಟಿಯಾ ಮಾರುಕಟ್ಟೆ ಪಶ್ಚಿಮ ಆಫ್ರಿಕದ ಅತಿ ದೊಡ್ಡ ಪೇಟೆಗಳಲ್ಲೊಂದು. ವ್ಯಾಪಾರ ಬಹುಮಟ್ಟಿಗೆ ಹೆಂಗಸರದು. ಗೆಣಸಿಗೆ ಒಬ್ಬಳು, ಟೊಮೇಟೊಗೆ ಒಬ್ಬಳು ಎಂಬಂತೆ ಒಂದೊಂದು ಸರಕಿಗೂ ಒಬ್ಬ ಯಜಮಾನಿ ಇದ್ದು, ಜಗಳಗಳನ್ನು ಅವಳೇ ತೀರಿಸುತ್ತಾಳೆ.

ತಮಾಲೆ: ಉತ್ತರದ ಬಯಲುಸೀಮೆಯ ದೊಡ್ಡ ಪಟ್ಟಣ. ದಗೊಂಬಾ ಜನರ ನಾಡು; ಮುಸಲ್ಮಾನರೇ ಹೆಚ್ಚು. ಇಲ್ಲಿ ಮಳೆಗಾಲ ವರ್ಷಕ್ಕೆ ಒಂದೇ, ಕೋಕೋ ಬೆಳೆಯುವುದಿಲ್ಲ. ಬೇಸಾಯದಿಂದ ಹೊಟ್ಟೆ ತುಂಬದ ಮನೆಗಳ ಹುಡುಗಿಯರು ಅಕ್ರಾ, ಕುಮಾಸಿಗಳಿಗೆ ಹೋಗಿ ಪೇಟೆಯಲ್ಲಿ ತಲೆಹೊರೆ ಹೊರುತ್ತಾರೆ. ಅವರಿಗೆ ‘ಕಾಯಾಯೇಯಿ’ ಎಂದು ಹೆಸರು. ಹೌಸಾ ಭಾಷೆಯಲ್ಲಿ ‘ಕಾಯಾ’ ಎಂದರೆ ಸಾಮಾನು, ಗಾ ಭಾಷೆಯಲ್ಲಿ ‘ಯೇಯಿ’ ಎಂದರೆ ಹೆಂಗಸರು. ಎರಡು ಭಾಷೆ ಕೂಡಿ ಹುಟ್ಟಿದ ಈ ಮಾತೇ ಪಟ್ಟಣದ ಬಾಳನ್ನು ತೋರಿಸುತ್ತದೆ.

ಕೊನೆಯದಾಗಿ, ಈ ಪಟ್ಟಣಗಳಲ್ಲೆಲ್ಲ ಕಾಣುವ ‘ಜೊಂಗೊ’ ಎಂಬ ಕೇರಿಯ ವಿಷಯ. ಇದೂ ಹೌಸಾ ಮಾತು. ವರ್ತಕರ ತಂಡಗಳು ತಂಗುವ ಬಿಡಾರ ಎಂದು ಅರ್ಥ. ಪರಊರುಗಳಿಂದ ಬಂದವರು ಇಲ್ಲಿ ನೆಲೆಸಿ, ತಮ್ಮವನೊಬ್ಬನನ್ನು ಮುಖ್ಯಸ್ಥನನ್ನಾಗಿ ಮಾಡಿಕೊಂಡು, ಮೂರು ನಾಲ್ಕು ತಲೆಮಾರು ಬಾಳಿದ್ದಾರೆ. ಹೀಗಿರಲು 1969ರ ನವೆಂಬರಿನಲ್ಲಿ ಘಾನಾ ಸರ್ಕಾರವು, ವಾಸದ ಪರವಾನಗಿ ಇಲ್ಲದ ಪರದೇಶಿಗಳು ಎರಡು ವಾರದೊಳಗೆ ಪರವಾನಗಿ ಪಡೆಯಬೇಕು, ಇಲ್ಲವಾದರೆ ದೇಶ ಬಿಡಬೇಕು ಎಂದು ಆಜ್ಞೆ ಹೊರಡಿಸಿತು. ಲಕ್ಷಕ್ಕೂ ಹೆಚ್ಚು ಮಂದಿ ಅಂಗಡಿ ಮುಂಗಟ್ಟು ಬಿಟ್ಟು ಹೊರಟರು. ಅವರಲ್ಲಿ ಘಾನಾದಲ್ಲೇ ಹುಟ್ಟಿದವರೂ ಇದ್ದರು, ನೈಜೀರಿಯಾ ಮೂಲದವರು ಬಹಳ ಮಂದಿ. 1983ರಲ್ಲಿ ಕಾಲ ತಿರುಗಿತು. ಕೆಲಸ ಹುಡುಕಿಕೊಂಡು ನೈಜೀರಿಯಾಕ್ಕೆ ಹೋಗಿದ್ದ ಹತ್ತು ಲಕ್ಷದಷ್ಟು ಘಾನಾದವರನ್ನು ಆ ದೇಶ ಹೊರಗಟ್ಟಿತು. ಅವರು ಬಟ್ಟೆಬರೆ ತುಂಬಿಕೊಂಡ ಚೌಕುಳಿ ಚೀಲಕ್ಕೆ ‘ಘಾನಾ ಮಸ್ಟ್ ಗೋ’, ಎಂದರೆ ‘ಘಾನಾದವರು ಹೋಗಲೇಬೇಕು’ ಎಂಬ ಹೆಸರು ಇಂದಿಗೂ ಉಳಿದಿದೆ.

ಬಂದರು, ರೈಲು, ಚಿನ್ನ, ಕೋಕೋ ಇವು ಪಟ್ಟಣಕ್ಕೆ ಕಾರಣವಾಗಬಹುದು. ಅದನ್ನು ಕಟ್ಟಿದವರು ಮಾತ್ರ ಎಲ್ಲೆಲ್ಲಿಂದಲೋ ಬಂದ ಜನ. ಹುಟ್ಟೂರು ಬಿಟ್ಟು ಬೇರೆ ಭಾಷೆಯ ಪಟ್ಟಣದಲ್ಲಿ ನೆಲೆಸಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬಳಿಕ ಬಂದವರನ್ನು ಕಾಣುವಾಗಲೂ ಇದು ನೆನಪಿರಲಿ.

ಅಭ್ಯಾಸಕ್ಕೆ:
1. ಅಕ್ರಾ ಇದ್ದರೂ ತೇಮಾ ಏಕೆ ಬೇಕಾಯಿತು?
2. ಸೆಕೊಂಡಿಯ ವ್ಯಾಪಾರ ಕುಗ್ಗಿದ್ದು ಹೇಗೆ?
3. ತಮಾಲೆಯ ಕಡೆಯ ಹುಡುಗಿಯರು ದಕ್ಷಿಣಕ್ಕೆ ಹೋಗುವುದೇಕೆ?
4. ‘ಜೊಂಗೊ’ದಂತಹ ಕೇರಿ ನಾವಿರುವ ಪಟ್ಟಣದಲ್ಲಿ ಎಲ್ಲಿದೆ? ಅಲ್ಲಿಯ ಹಿರಿಯರೊಬ್ಬರನ್ನು ಕಂಡು, ಅವರ ಮನೆತನ ಯಾವಾಗ, ಏಕೆ ಬಂದಿತೆಂದು ಕೇಳಿ ಬರೆದಿಡಿರಿ.