ಭೂತದಯೆಯೂ ಕಾಯಕವೂ

ಹಿಂದೆ ಊರೂರ ಬೀದಿಗಳಲ್ಲಿ ಕರಡಿಯಾಟವು ನಡೆಯುತ್ತಿದ್ದಿತು. ನೋಡುವವರಿಗೆ ಅದು ವಿನೋದ; ಮೂಕಪ್ರಾಣಿಗೆ ಯಾತನೆ. ತಾಯಿಯಿಂದ ಅಗಲಿಸಿ ತಂದ ಮರಿಯ ಮೂತಿಯನ್ನು ಕಾದ ಸಲಾಕೆಯಿಂದ ಚುಚ್ಚಿ ಹಗ್ಗವನ್ನು ಪೋಣಿಸುತ್ತಿದ್ದರು, ಹಲ್ಲುಗಳನ್ನು ಮುರಿಯುತ್ತಿದ್ದರು. ಹಗ್ಗವನ್ನು ಜಗ್ಗಿದಾಗ ನೋವಿನಿಂದ ಅದು ಎದ್ದು ನಿಲ್ಲುವುದನ್ನೇ ಜನರು ನೃತ್ಯವೆಂದು ತಿಳಿದರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದ ಮೇಲೆಯೂ ಈ ಪದ್ಧತಿಯು ಬಹುಕಾಲ ನಿಲ್ಲಲಿಲ್ಲ. ಕಾರಣವೇನು? ಕರಡಿಯನ್ನಾಡಿಸುವ ಕಲಂದರರಿಗೆ ತಲೆಮಾರುಗಳಿಂದ ಅದೇ ಅನ್ನದ ದಾರಿಯಾಗಿದ್ದಿತು. ಇದನ್ನರಿತು ವೈಲ್ಡ್‌ಲೈಫ್ ಎಸ್‌ಓಎಸ್ ಎಂಬ ಸಂಸ್ಥೆಯು, ಕರಡಿಯನ್ನೊಪ್ಪಿಸಿದ ಕುಟುಂಬಗಳಿಗೆ ಬೇರೆ ವೃತ್ತಿಗೆ ನೆರವನ್ನೂ ಮಕ್ಕಳಿಗೆ ವಿದ್ಯೆಯನ್ನೂ ಒದಗಿಸಿತು. ಬೆಂಗಳೂರಿನ ಬಳಿಯ ಬನ್ನೇರುಘಟ್ಟದಲ್ಲಿ ಸರ್ಕಾರದ ಸಹಕಾರದಿಂದ ಕರಡಿಗಳಿಗೆ ಆಶ್ರಯಧಾಮವಾಯಿತು. 2009ರಲ್ಲಿ ಅಲ್ಲಿಗೆ ಬಂದ ರಾಜು ಎಂಬ ಕರಡಿಯನ್ನು, ಭಾರತದ ಬೀದಿಗಳಲ್ಲಿ ಕುಣಿದ ಕರಡಿಗಳಲ್ಲಿ ಕೊನೆಯದೆಂದು ಎಣಿಸುತ್ತಾರೆ. ಹಲ್ಲು ಕಳೆದುಕೊಂಡ ಇಂಥ ಪ್ರಾಣಿಗಳು ಕಾಡಿಗೆ ಮರಳಿ ಬದುಕಲಾರವು; ಗಂಜಿ, ಹಣ್ಣು, ಜೇನುಗಳನ್ನಿತ್ತು ಕಡೆಯವರೆಗೂ ಸಾಕಬೇಕು.

ಗೃಹಸ್ಥರು ಇಲ್ಲಿ ಮನಗಾಣತಕ್ಕ ಅಂಶವೊಂದುಂಟು. ಕರಡಿಯ ಹಗ್ಗವನ್ನು ಬಿಚ್ಚಿದರೆ ದಯೆಯ ಅರ್ಧಕಾರ್ಯ ಮುಗಿಯಿತು. ಆ ಹಗ್ಗವನ್ನು ಹಿಡಿದಿದ್ದ ಕೈಗೆ ನಿರ್ಮಲವಾದ ಕಾಯಕವೊಂದು ದೊರೆತಾಗಲೇ ಅದು ಪೂರ್ಣವಾಯಿತು.